ಇಲಿಮರಿಗಳ ನೆನಪಿನ ಪ್ರಯೋಗಗಳು ಮತ್ತು ಕೂಸಿನ ಮೂರನೆಯ ಅರಿವಳಿಕೆ

ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಹುಮನಾಬಾದ್ ಹತ್ತಿರದ ಹಳ್ಳಿ. ನನ್ನ ಮಗಳಿಗೆ ಈಗ ಹನ್ನೊಂದು ತಿಂಗಳು. ಹುಟ್ಟುವಾಗಲೇ ಸೀಳುತುಟಿಯೂ ಸೀಳು ಅಂಗುಳವೂ ಇದ್ದವು. ನಾಲ್ಕನೆಯ ತಿಂಗಳಲ್ಲಿ ತುಟಿಯ ಆಪರೇಷನ್ ಆಯಿತು. ಹೊಲಿಗೆ ಬಿಟ್ಟುಕೊಂಡದ್ದರಿಂದ ಆರನೆಯ ತಿಂಗಳಲ್ಲಿ ಮತ್ತೊಮ್ಮೆ ಬೇಹೋಶಿ ಕೊಟ್ಟು ಸರಿಪಡಿಸಿದರು. ಮುಂದಿನ ತಿಂಗಳು ಕಲಬುರಗಿಯಲ್ಲಿ ಅಂಗುಳದ ಆಪರೇಷನ್ ಇದೆ. ಕಿವಿಗೂ ಸಣ್ಣ ನಳಿಕೆ ಹಾಕಬೇಕಾಗಬಹುದು ಎಂದಿದ್ದಾರೆ. ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ನನ್ನ ತಮ್ಮ, ಪದೇಪದೇ ಅರಿವಳಿಕೆ ಕೊಟ್ಟ ಇಲಿ ಮತ್ತು ಮಂಗದ ಮರಿಗಳಿಗೆ ದೊಡ್ಡವಾದ ಮೇಲೆ ನೆನಪು ಕಡಿಮೆಯಾಗಿತ್ತು, ಹೆದರಿಕೆ ಹೆಚ್ಚಾಗಿತ್ತು ಎಂದು ಹೇಳಿದ. ಎರಡನೆಯ ಆಪರೇಷನ್ ಆದಾಗಿನಿಂದ ಕೂಸು ಹೊರಗಿನವರನ್ನು ಕಂಡರೆ ಚೀರುತ್ತದೆ ಎಂದು ನಮ್ಮ ಅತ್ತೆಯೂ ಹೇಳುತ್ತಾರೆ. ಮೂರು ವರ್ಷ ತುಂಬಿದ ಮೇಲೆ ಅಪಾಯವಿಲ್ಲವಂತೆ. ಅಲ್ಲಿಯವರೆಗೆ ಕಾಯಬಹುದೇ?

ಉತ್ತರ: ಕಡೆಯ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ತಾಯಿ. ಮೂರು ವರ್ಷದವರೆಗೆ ಕಾಯಬೇಡಿ. ಅಂಗುಳವನ್ನು ತಡವಾಗಿ ಮುಚ್ಚಿದರೆ ಮಾತಿಗೆ ಆಗುವ ಹಾನಿ ನಮಗೆ ಚೆನ್ನಾಗಿ ಗೊತ್ತಿರುವಂಥದು. ಮೂರನೆಯ ಅರಿವಳಿಕೆಯಿಂದ ಹಾನಿಯಾಗುವುದಾದರೂ ಅದು ಅದಕ್ಕಿಂತ ಸಣ್ಣದು ಎಂದೇ ಇದುವರೆಗಿನ ಮಕ್ಕಳ ಅಧ್ಯಯನಗಳು ಸೂಚಿಸುತ್ತವೆ. ಹಾಗೆಂದು ನಿಮ್ಮ ತಮ್ಮ ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ. ಪ್ರಾಣಿಗಳಲ್ಲಿ ಕಂಡದ್ದು ನಿಜ, ಅದು ಒಂದೆರಡು ಪ್ರಯೋಗಾಲಯಗಳ ಮಾತೂ ಅಲ್ಲ. ಆದರೆ ಆ ಮರಿಗಳಿಗೆ ಎಷ್ಟನೆಯ ದಿನದಲ್ಲಿ, ಎಷ್ಟು ಹೊತ್ತು, ಎಷ್ಟು ಬಾರಿ ಮದ್ದು ಕೊಟ್ಟರು, ಆಮೇಲೆ ಅವುಗಳ ನೆನಪನ್ನು ಹೇಗೆ ಅಳೆದರು ಎಂಬುದನ್ನು ತಿಳಿಯದೆ ಆ ಫಲಿತಾಂಶವನ್ನು ಒಂದು ಕೂಸಿನ ಮೇಲೆ ಹೊರಿಸುವುದು ಸರಿಯಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಚರ್ಚೆ ಗಟ್ಟಿಯಾಗಿ ಆರಂಭವಾದದ್ದು 1999ರಲ್ಲಿ. ನರಕೋಶಗಳ ಮೇಲೆ ಎನ್‌ಎಂಡಿಎ ಎಂಬ ಗ್ರಾಹಕಗಳಿರುತ್ತವೆ. ಗ್ಲುಟಮೇಟ್ ಎಂಬ ರಾಸಾಯನಿಕ ತಗುಲಿದಾಗ ಅವು ತೆರೆದು ಕೋಶವನ್ನು ಎಚ್ಚರಿಸುತ್ತವೆ. ಎಳೆಯ ಇಲಿಮರಿಗಳಲ್ಲಿ ಈ ಗ್ರಾಹಕಗಳನ್ನು ಔಷಧಿಯಿಂದ ಕೆಲವು ಗಂಟೆಗಳ ಕಾಲ ಮುಚ್ಚಿದರೆ ನರಕೋಶಗಳು ದೊಡ್ಡ ಪ್ರಮಾಣದಲ್ಲಿ ತಾವಾಗಿಯೇ ಸಾಯುತ್ತವೆ ಎಂದು ಇಕೊನೊಮಿಡು ಮತ್ತು ಸಂಗಡಿಗರು ಆ ವರ್ಷ ತೋರಿಸಿದರು. ಅರಿವಳಿಕೆಗೆ ನಾವು ದಿನನಿತ್ಯ ಬಳಸುವ ಕೆಟಮಿನ್ ಕೂಡ ಇದೇ ಗ್ರಾಹಕವನ್ನು ಮುಚ್ಚುವ ಮದ್ದು. 2003ರಲ್ಲಿ ಯೆವ್ಟೊವಿಕ್-ಟೊಡೊರೊವಿಕ್ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಏಳು ದಿನದ ಇಲಿಮರಿಗಳಿಗೆ ಮಿಡಜೊಲಾಮ್ ಎಂಬ ನಿದ್ದೆಯ ಮದ್ದು, ನೈಟ್ರಸ್ ಆಕ್ಸೈಡ್ ಮತ್ತು ಐಸೊಫ್ಲುರೇನ್ ಎಂಬ ಅನಿಲಗಳು, ಈ ಮೂರನ್ನೂ ಸೇರಿಸಿ, ಆಪರೇಷನ್ ಥಿಯೇಟರಿನಲ್ಲಿ ಮಕ್ಕಳಿಗೆ ಕೊಡುವ ರೀತಿಯಲ್ಲಿಯೇ, ಆರು ಗಂಟೆ ಅರಿವಳಿಕೆ ಕೊಟ್ಟರು. ಮಿದುಳಿನ ಅನೇಕ ಭಾಗಗಳಲ್ಲಿ ಕೋಶಗಳು ಸತ್ತವು. ಮರಿಗಳು ಬೆಳೆದ ಮೇಲೂ ಕಲಿಕೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವು.

ಆ ಪರೀಕ್ಷೆ ಹೇಗಿರುತ್ತದೆ ಎಂದು ತಿಳಿದರೆ ‘ನೆನಪು ಕಡಿಮೆಯಾಯಿತು’ ಎಂಬ ಮಾತಿನ ತೂಕ ಸರಿಯಾಗಿ ಗೊತ್ತಾಗುತ್ತದೆ. ಒಂದು ದುಂಡನೆಯ ತೊಟ್ಟಿಯಲ್ಲಿ ಬಣ್ಣ ಕದಡಿದ ನೀರು. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಕಣ್ಣಿಗೆ ಕಾಣದಂತೆ, ಒಂದು ಸಣ್ಣ ಕಟ್ಟೆ. ಇಲಿಯನ್ನು ನೀರಿಗೆ ಬಿಟ್ಟರೆ ಅದು ಈಜಾಡಿ ಹೇಗೋ ಕಟ್ಟೆಯನ್ನು ಮುಟ್ಟುತ್ತದೆ. ಮರುದಿನಗಳಲ್ಲಿ ಗೋಡೆಯ ಮೇಲಿನ ಗುರುತುಗಳ ನೆನಪಿನಿಂದ ಬೇಗ ಬೇಗ ಮುಟ್ಟುತ್ತದೆ. ಕೊನೆಗೆ ಕಟ್ಟೆಯನ್ನೇ ತೆಗೆದುಬಿಟ್ಟರೆ, ನೆನಪಿರುವ ಇಲಿ ಅದು ಇದ್ದ ಜಾಗದಲ್ಲಿಯೇ ಸುತ್ತುತ್ತದೆ. ನೆನಪಿಲ್ಲದ ಇಲಿ ತೊಟ್ಟಿಯ ತುಂಬ ಅಲೆಯುತ್ತದೆ. ಈಜಲು ಬರುತ್ತದೆಯೇ, ಕಣ್ಣು ಕಾಣುತ್ತದೆಯೇ ಎಂಬುದನ್ನು ಕಾಣುವ ಕಟ್ಟೆ ಇಟ್ಟು ಬೇರೆಯಾಗಿ ಪರೀಕ್ಷಿಸುತ್ತಾರೆ. ಹಳೆಯ ವಸ್ತುವಿನ ಪಕ್ಕದಲ್ಲಿ ಹೊಸದನ್ನು ಇಟ್ಟು ಯಾವುದನ್ನು ಹೆಚ್ಚು ಹೊತ್ತು ಮೂಸುತ್ತದೆ ಎಂದು ನೋಡುವುದು, ಒಂದು ಸದ್ದಿನ ಜೊತೆಗೆ ಸಣ್ಣ ಶಾಕ್ ಕೊಟ್ಟು ಮುಂದೆ ಆ ಸದ್ದು ಕೇಳಿದಾಗ ಮರಗಟ್ಟಿ ನಿಲ್ಲುತ್ತದೆಯೇ ಎಂದು ನೋಡುವುದು ಇಂಥ ಬೇರೆ ಪರೀಕ್ಷೆಗಳು. ಅರಿವಳಿಕೆ ಪಡೆದ ಮರಿಗಳು ಇವುಗಳಲ್ಲಿ ಬುದ್ಧಿಯೇ ಇಲ್ಲದಂತೆ ವರ್ತಿಸಲಿಲ್ಲ. ಗುಂಪಿನ ಸರಾಸರಿಯಲ್ಲಿ ನಿಧಾನವಾದವು, ಅಷ್ಟೆ. ಹೊರಗಿನಿಂದ ನೋಡಿದರೆ ಆ ಇಲಿಗೂ ಈ ಇಲಿಗೂ ಭೇದ ಕಾಣುವುದು ಕಷ್ಟ.

ಎಳೆಯ ಮಿದುಳಿಗೇ ಏಕೆ ಹೀಗಾಗುತ್ತದೆ? ಹುಟ್ಟುವ ಹೊತ್ತಿನ ಮಿದುಳಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ನರಕೋಶಗಳಿರುತ್ತವೆ. ಅವುಗಳಲ್ಲಿ ಸಂಪರ್ಕ ಸಿಗದವು ತಾವೇ ಕರಗಿಹೋಗುವುದು ಸಹಜ ಬೆಳವಣಿಗೆಯ ಭಾಗ. ತೊಗರಿಯ ಸಾಲು ದಟ್ಟವಾದಾಗ ಹೆಚ್ಚಿನ ಸಸಿಗಳನ್ನು ಕಿತ್ತು ತೆಗೆಯುವುದಿಲ್ಲವೇ, ಹಾಗೆ. ಯಾವ ಕೋಶ ಉಳಿಯಬೇಕು ಎಂಬುದು ಅದಕ್ಕೆ ಬರುವ ಸಂಕೇತಗಳಿಂದ ತೀರ್ಮಾನವಾಗುತ್ತದೆ. ಅರಿವಳಿಕೆಯ ಮದ್ದುಗಳು ಕೆಲಸ ಮಾಡುವುದೇ ಆ ಸಂಕೇತಗಳನ್ನು ಅಡಗಿಸಿ. ಆಗ ಉಳಿಯಬೇಕಾಗಿದ್ದ ಕೋಶವೂ ತನಗೆ ಕೆಲಸವಿಲ್ಲವೆಂಬಂತೆ ಸಾವಿನ ದಾರಿ ಹಿಡಿಯುತ್ತದೆ. ಇದರ ಜೊತೆಗೆ ಇನ್ನೊಂದು ವಿಚಿತ್ರವಿದೆ. ನಮ್ಮ ಅನೇಕ ಮದ್ದುಗಳು ಗಾಬಾ ಎಂಬ ರಾಸಾಯನಿಕದ ಬಲವನ್ನು ಹೆಚ್ಚಿಸುತ್ತವೆ. ಬೆಳೆದ ಮಿದುಳಿನಲ್ಲಿ ಗಾಬಾ ಕೋಶಗಳನ್ನು ತಣ್ಣಗೆ ಮಾಡುತ್ತದೆ. ತೀರ ಎಳೆಯ ಕೋಶಗಳ ಒಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಅದೇ ಗಾಬಾ ಅವುಗಳನ್ನು ಕೆರಳಿಸುತ್ತದೆ. ವಯಸ್ಸು ಇಷ್ಟು ಮುಖ್ಯವಾಗಲು ಇದೂ ಒಂದು ಕಾರಣ.

ಆದರೆ ಸತ್ತ ಕೋಶಗಳ ಲೆಕ್ಕವೇ ಎಲ್ಲವನ್ನೂ ಹೇಳುವುದಿಲ್ಲ. 2009ರಲ್ಲಿ ಸ್ಟ್ರಾಟ್‌ಮನ್ ಅವರ ತಂಡ ಏಳು ದಿನದ ಕೆಲವು ಇಲಿಮರಿಗಳಿಗೆ ಐಸೊಫ್ಲುರೇನ್ ಕೊಟ್ಟಿತು, ಇನ್ನು ಕೆಲವಕ್ಕೆ ಅರಿವಳಿಕೆಯೇ ಇಲ್ಲದೆ ಇಂಗಾಲದ ಡೈ ಆಕ್ಸೈಡನ್ನು ಮಾತ್ರ ಹೆಚ್ಚಿಸಿತು. ಕೋಶಗಳು ಎರಡೂ ಗುಂಪುಗಳಲ್ಲಿ ಸತ್ತವು. ಕಲಿಕೆಯಲ್ಲಿ ದೀರ್ಘಕಾಲದ ಕುಂದು ಕಂಡದ್ದು ನಾಲ್ಕು ಗಂಟೆ ಐಸೊಫ್ಲುರೇನ್ ಪಡೆದವುಗಳಲ್ಲಿ. ಅಂದರೆ ನೆನಪಿನ ಕುಂದಿಗೆ ಕೋಶಗಳ ಸಾವಲ್ಲದೆ ಬೇರೆ ದಾರಿಗಳೂ ಇವೆ: ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲಿ ಹೊಸ ಕೋಶಗಳ ಹುಟ್ಟು ತಗ್ಗುವುದು, ಕೋಶಗಳ ನಡುವಿನ ಕೊಂಡಿಗಳ ಸಂಖ್ಯೆ ಏರುಪೇರಾಗುವುದು, ಮಿದುಳಿನಲ್ಲಿ ಸಣ್ಣ ಪ್ರಮಾಣದ ಉರಿಯೂತ.

ಈಗ ನಿಮ್ಮ ನಿಜವಾದ ಚಿಂತೆಯಾದ ‘ಪದೇಪದೇ’ ಎಂಬ ವಿಷಯಕ್ಕೆ ಬರೋಣ. 2010ರಲ್ಲಿ ಪ್ರಕಟವಾದ ಝೂ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹದಿನಾಲ್ಕನೆಯ ದಿನದಿಂದ ನಾಲ್ಕು ದಿನ, ದಿನಕ್ಕೆ 35 ನಿಮಿಷ ಮಾತ್ರ, ಐಸೊಫ್ಲುರೇನ್ ಕೊಟ್ಟರು. ಅವಧಿ ಸಣ್ಣದು, ಆದರೂ ಆ ಮರಿಗಳ ನೆನಪು ಕುಂದಿತು, ದಿನ ಕಳೆದಂತೆ ಆ ಕುಂದು ಹೆಚ್ಚಿತು. ಪ್ರಾಯದ ಪ್ರಾಣಿಗಳಿಗೆ ಅಷ್ಟೇ ಕೊಟ್ಟಾಗ ಏನೂ ಆಗಲಿಲ್ಲ. 2013ರಲ್ಲಿ ಶೆನ್ ಮತ್ತು ಸಂಗಡಿಗರು ಆರು ದಿನದ ಸುಂಡಿಲಿ ಮರಿಗಳಿಗೆ ಸೆವೊಫ್ಲುರೇನ್ ಎಂಬ ಅರಿವಳಿಕೆ ಅನಿಲವನ್ನು ದಿನಕ್ಕೆ ಎರಡು ಗಂಟೆಯಂತೆ ಮೂರು ದಿನ ಕೊಟ್ಟಾಗ ಉರಿಯೂತವೂ ಕಂಡಿತು, ಕಲಿಕೆಯೂ ಕುಗ್ಗಿತು. ಒಂದೇ ದಿನ ಎರಡು ಗಂಟೆ ಕೊಟ್ಟಾಗ ಹಾಗಾಗಲಿಲ್ಲ. ಅರುವತ್ತು ದಿನದ ಸುಂಡಿಲಿಗಳಿಗೆ ಮೂರು ದಿನ ಕೊಟ್ಟಾಗಲೂ ಆಗಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಸಾಹಿತ್ಯದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವ ಅಂಶ ಇದು: ವಯಸ್ಸು ಎಳೆಯದಾಗಿದ್ದು, ಅರಿವಳಿಕೆ ಮರುಕಳಿಸಿದಾಗ ಅಥವಾ ಬಹಳ ಹೊತ್ತು ನಡೆದಾಗ ತೊಂದರೆ ಕಾಣುತ್ತದೆ. ಒಂದು ಸಲದ, ಸಣ್ಣ ಅವಧಿಯ ಅರಿವಳಿಕೆಯಲ್ಲಿ ಅದು ಕಾಣುವುದು ಅಪರೂಪ.

ಯಾವ ಮದ್ದು ಒಳ್ಳೆಯದು ಎಂಬ ವಿಷಯದಲ್ಲಿ ಮಾತ್ರ ಪ್ರಯೋಗಗಳು ಒಂದು ಮಾತಿಗೆ ಬರುವುದಿಲ್ಲ. ಶೆನ್ ಅವರ ಸುಂಡಿಲಿಗಳಲ್ಲಿ ಡೆಸ್‌ಫ್ಲುರೇನ್ ಎಂಬ ಇನ್ನೊಂದು ಅನಿಲ ನಿರುಪದ್ರವಿಯಾಗಿತ್ತು. 2011ರ ಕೊಡಾಮ ಅವರ ಅಧ್ಯಯನದಲ್ಲಿ ಆರು ಗಂಟೆ ಕೊಟ್ಟಾಗ ಅದೇ ಡೆಸ್‌ಫ್ಲುರೇನ್ ಐಸೊಫ್ಲುರೇನ್, ಸೆವೊಫ್ಲುರೇನ್‌ಗಳಿಗಿಂತ ಹೆಚ್ಚು ಹಾನಿ ಮಾಡಿತು. ಆದ್ದರಿಂದ ‘ಇಂಥ ಗ್ಯಾಸನ್ನೇ ಕೊಡಿ, ಇಂಥದನ್ನು ಕೊಡಬೇಡಿ’ ಎಂದು ಆಸ್ಪತ್ರೆಯಲ್ಲಿ ಪಟ್ಟು ಹಿಡಿಯಲು ಆಧಾರವಿಲ್ಲ.

ಇಲಿಯ ಮಾತು ಬಿಡಿ, ಮಂಗಗಳಲ್ಲಿಯೂ ಹೀಗಾಯಿತಲ್ಲ ಎಂದು ನಿಮ್ಮ ತಮ್ಮ ಕೇಳಬಹುದು. ಕೇಳುವುದು ನ್ಯಾಯವೇ. ರೀಸಸ್ ಮಂಗಗಳ ಮರಿಗಳಿಗೆ ಐದನೆಯ ಅಥವಾ ಆರನೆಯ ದಿನದಲ್ಲಿ ಒಂದೇ ಬಾರಿ, ಆದರೆ ಇಡೀ 24 ಗಂಟೆ, ಕೆಟಮಿನ್ ಹನಿಸಿದಾಗ ಅವು ವರ್ಷಗಳ ನಂತರವೂ ಕಲಿಕೆಯ ಕೆಲಸಗಳಲ್ಲಿ ಹಿಂದೆಯೇ ಇದ್ದವು ಎಂದು ಪಾಲ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. 24 ಗಂಟೆ ಯಾವ ಕೂಸಿಗೂ ಥಿಯೇಟರಿನಲ್ಲಿ ಅರಿವಳಿಕೆ ಇರುವುದಿಲ್ಲ. ಇದೇ ಬಗೆಯ ಮಂಗಗಳಲ್ಲಿ ಮೂರು ಗಂಟೆಯ ಕೆಟಮಿನ್‌ನಿಂದ ಕೋಶಗಳ ಸಾವು ಹೆಚ್ಚಿರಲಿಲ್ಲ ಎಂದು 2007ರಲ್ಲಿ ಸ್ಲಿಕರ್ ಅವರ ತಂಡ ತೋರಿಸಿತ್ತು. 35 ದಿನದ ಮರಿಗಳಲ್ಲಿ 24 ಗಂಟೆ ಕೊಟ್ಟರೂ ಹೆಚ್ಚಿರಲಿಲ್ಲ. ನಿಮ್ಮ ಪ್ರಶ್ನೆಗೆ ಹತ್ತಿರವಾದ ಅಧ್ಯಯನ 2015ರಲ್ಲಿ ರೇಪರ್ ಮತ್ತು ಸಂಗಡಿಗರದು. ಮರಿ ಹುಟ್ಟಿದ ಆರರಿಂದ ಹತ್ತನೆಯ ದಿನದೊಳಗೆ ಒಮ್ಮೆ, ಅಲ್ಲಿಂದ ಹದಿನಾಲ್ಕು ಮತ್ತು ಇಪ್ಪತ್ತೆಂಟನೆಯ ದಿನಗಳಲ್ಲಿ ಮತ್ತೆ, ಹೀಗೆ ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಸೆವೊಫ್ಲುರೇನ್. ಹೋಲಿಕೆಯ ಮರಿಗಳನ್ನು ಅಲ್ಪಕಾಲ ತಾಯಿಯಿಂದ ಬೇರ್ಪಡಿಸಿದರು, ಮದ್ದು ಕೊಡಲಿಲ್ಲ. ಆರು ತಿಂಗಳಾದಾಗ ಅಪರಿಚಿತ ಮನುಷ್ಯನೊಬ್ಬನನ್ನು ಪಂಜರದ ಮುಂದೆ ನಿಲ್ಲಿಸಿ ಮರಿಯ ವರ್ತನೆಯನ್ನು ದಾಖಲಿಸಿದರು. ಅರಿವಳಿಕೆ ಪಡೆದ ಮರಿಗಳಲ್ಲಿ ಮೈ ಕೆರೆದುಕೊಳ್ಳುವಂಥ ಆತಂಕದ ಲಕ್ಷಣಗಳು ಹೆಚ್ಚಿದ್ದವು. ಅದೇ ಮಂಗಗಳಿಗೆ ಒಂದು ವರ್ಷ ದಾಟಿದ ಮೇಲೆ, ಮೊದಲು ತೋರಿಸಿದ ಚಿತ್ರವನ್ನು ಗುರುತಿಡುವ ಪರೀಕ್ಷೆಯಲ್ಲಿ ಸ್ವಲ್ಪ ಕುಂದು ಕಂಡಿತು ಎಂದು 2017ರ ವರದಿ ಹೇಳಿತು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಅದು ಕಂಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಲಿ ಕಾಯಿಲೆಯಾಗಲಿ ಇಲ್ಲದ ಆರೋಗ್ಯವಂತ ಮರಿಗಳಲ್ಲಿ ಇದು ಕಂಡದ್ದರಿಂದ ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ.

ಆದರೆ ಮಂಗದ ಮರಿಯ ಬೆಳವಣಿಗೆ ಮನುಷ್ಯರ ಕೂಸಿನದಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗದ್ದು. ಅದರ ಮೊದಲ ಐದಾರು ವಾರಗಳಲ್ಲಿ ನಡೆದ ಹನ್ನೆರಡು ಗಂಟೆಯ ಅರಿವಳಿಕೆಯನ್ನು ನಿಮ್ಮ ಮಗಳ ಎರಡು ತುಟಿ ಆಪರೇಷನ್‌ಗಳ ಪಕ್ಕದಲ್ಲಿ ಇಟ್ಟು ನೋಡಿ. ತುಟಿಯ ಆಪರೇಷನ್ ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಮುಗಿಯುವಂಥದು. ಇಲಿ, ಸುಂಡಿಲಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೆಲವೇ ಗ್ರಾಂ ತೂಗುವ ಮರಿಯ ಗಂಟಲಿಗೆ ಕೊಳವೆ ಹಾಕಿ ಉಸಿರಾಟ ನಡೆಸುವುದು ಬಹುತೇಕ ಪ್ರಯೋಗಗಳಲ್ಲಿ ಆಗುವುದಿಲ್ಲ. ಆರು ಗಂಟೆ ತಾಯಿಹಾಲಿಲ್ಲದೆ ಮಲಗಿದ ಮರಿಯ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಇಂಗಾಲದ ಡೈ ಆಕ್ಸೈಡ್ ಏರುತ್ತದೆ. ಅದೊಂದೇ ಕೋಶಗಳನ್ನು ಕೊಲ್ಲಬಲ್ಲದು ಎಂದು ಮೇಲೆಯೇ ಹೇಳಿದೆ. ಥಿಯೇಟರಿನಲ್ಲಿ ನಾವು ಕೂಸಿನ ಪ್ರತಿ ಉಸಿರನ್ನೂ ಅಳೆಯುತ್ತೇವೆ.

ಇನ್ನು ಮಕ್ಕಳಲ್ಲಿ ಏನು ಕಂಡಿದೆ ಎಂಬುದು. ಅಮೆರಿಕದ ಓಲ್ಮ್‌ಸ್ಟೆಡ್ ಕೌಂಟಿಯ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿದ ವೈಲ್ಡರ್ ಅವರ 2009ರ ಅಧ್ಯಯನದಲ್ಲಿ, ನಾಲ್ಕು ವರ್ಷದೊಳಗೆ ಒಂದು ಬಾರಿ ಅರಿವಳಿಕೆ ಪಡೆದವರಿಗೆ ಕಲಿಕೆಯ ತೊಂದರೆ ಹೆಚ್ಚಿರಲಿಲ್ಲ. ಎರಡು ಬಾರಿ ಪಡೆದವರಲ್ಲಿ ಅದರ ಸಾಧ್ಯತೆ 1.59 ಪಟ್ಟು, ಮೂರು ಅಥವಾ ಹೆಚ್ಚು ಬಾರಿ ಪಡೆದವರಲ್ಲಿ 2.6 ಪಟ್ಟು ಇತ್ತು. ಈ ಅಂಕಿಯೇ ನಿಮ್ಮ ತಮ್ಮನ ಕಣ್ಣಿಗೂ ಬಿದ್ದಿರಬಹುದು. ಆದರೆ ಮೂರು ಬಾರಿ ಆಪರೇಷನ್ ಆದ ಮಗು ಎಂದರೆ ಮೂರು ಬಾರಿ ಆಪರೇಷನ್ ಬೇಕಾಗುವಷ್ಟು ತೊಂದರೆ ಇದ್ದ ಮಗು. ಕಲಿಕೆಯ ಕುಂದು ಮದ್ದಿನದೋ ಮೂಲ ತೊಂದರೆಯದೋ ಎಂದು ಇಂಥ ದಾಖಲೆಗಳಿಂದ ಬಿಡಿಸಿ ಹೇಳಲಾಗದು. ಅದೇ ವರ್ಷ ಬಂದ ನೆದರ್‌ಲ್ಯಾಂಡ್ಸ್‌ನ ಅವಳಿ ಮಕ್ಕಳ ಅಧ್ಯಯನ ಈ ಸಂದೇಹವನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ 1,143 ಜೋಡಿ ಸಮರೂಪಿ ಅವಳಿಗಳಿದ್ದರು. ಒಬ್ಬರಿಗೆ ಮೂರು ವರ್ಷದೊಳಗೆ ಅರಿವಳಿಕೆಯಾಗಿ ಇನ್ನೊಬ್ಬರಿಗೆ ಆಗದಿದ್ದ ಜೋಡಿಗಳಲ್ಲಿ ಇಬ್ಬರ ಓದೂ ಒಂದೇ ಮಟ್ಟದಲ್ಲಿತ್ತು.

2018ರ, ‘ಮಾಸ್ಕ್’ ಎಂಬ ಹೆಸರಿನ ಅಧ್ಯಯನ ಇನ್ನಷ್ಟು ಎಚ್ಚರಿಕೆಯಿಂದ ನಡೆದದ್ದು. ಮೂರು ವರ್ಷದೊಳಗೆ ಒಮ್ಮೆಯೂ ಅರಿವಳಿಕೆ ಪಡೆಯದ, ಒಮ್ಮೆ ಪಡೆದ, ಹಲವು ಬಾರಿ ಪಡೆದ ಒಟ್ಟು 997 ಮಕ್ಕಳನ್ನು ಕೂರಿಸಿ ಪರೀಕ್ಷಿಸಿದರು. ಬುದ್ಧಿಮಟ್ಟದಲ್ಲಿ ಮೂರೂ ಗುಂಪುಗಳಿಗೆ ಭೇದವಿರಲಿಲ್ಲ. ಹಲವು ಬಾರಿ ಪಡೆದವರಲ್ಲಿ ಮಾತ್ರ ಬೆರಳುಗಳ ಸೂಕ್ಷ್ಮ ಚಲನೆ ಮತ್ತು ವಿಷಯವನ್ನು ಗ್ರಹಿಸುವ ವೇಗ ತುಸು ಕಡಿಮೆಯಿದ್ದವು. ಓದು ಮತ್ತು ನಡವಳಿಕೆಯಲ್ಲಿ ತೊಂದರೆ ಇದೆ ಎಂದು ಅವರ ತಂದೆತಾಯಿಗಳು ಹೆಚ್ಚಾಗಿ ಹೇಳಿದರು. ಏಳು ದೇಶಗಳ 722 ಕೂಸುಗಳ ಮೇಲೆ ನಡೆದು 2019ರಲ್ಲಿ ಮುಗಿದ ‘ಗ್ಯಾಸ್’ ಎಂಬ ಹೆಸರಿನ ಪ್ರಯೋಗದಲ್ಲಿ, ಅಂಡವಾಯುವಿನ ಆಪರೇಷನ್‌ಗೆ ಬಂದ ಕೂಸುಗಳಲ್ಲಿ ಅರ್ಧದಷ್ಟಕ್ಕೆ ಪೂರ್ಣ ಅರಿವಳಿಕೆ, ಅರ್ಧದಷ್ಟಕ್ಕೆ ಎಚ್ಚರದಲ್ಲಿಯೇ ಬೆನ್ನಿನ ಸೂಜಿ ಎಂದು ಚೀಟಿ ಎತ್ತಿದಂತೆ ಹಂಚಿದರು. ಒಂದು ಗಂಟೆಗಿಂತ ಕಡಿಮೆ ಅವಧಿಯ ಆ ಅರಿವಳಿಕೆಯಿಂದ ಐದನೆಯ ವಯಸ್ಸಿನ ಬುದ್ಧಿಮಟ್ಟದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಒಂದು ಸಲದ ಸಣ್ಣ ಅರಿವಳಿಕೆಯ ಬಗ್ಗೆ ಇದು ದೊಡ್ಡ ಸಮಾಧಾನ. ಹಲವು ಬಾರಿಯ ಪ್ರಶ್ನೆಗೆ ಇದು ಉತ್ತರವಲ್ಲ.

‘ಮೂರು ವರ್ಷ’ ಎಂಬ ಗಡಿ ಎಲ್ಲಿಂದ ಬಂತೆಂದರೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರ ಡಿಸೆಂಬರ್‌ನಲ್ಲಿ ಹೊರಡಿಸಿದ ಎಚ್ಚರಿಕೆಯಿಂದ. ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆಗಿಂತ ಹೆಚ್ಚಿನ ಅಥವಾ ಮರುಕಳಿಸುವ ಅರಿವಳಿಕೆಯು ಮಿದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಮಾಡಬಹುದು ಎಂದು ಅದು ಹೇಳಿತು. ಅದರ ಆಧಾರ ಹೆಚ್ಚಾಗಿ ಪ್ರಾಣಿಗಳ ಪ್ರಯೋಗಗಳೇ. ಮೂರನೆಯ ಹುಟ್ಟುಹಬ್ಬದ ದಿನ ಮಿದುಳಿನಲ್ಲಿ ಯಾವುದೋ ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದಲ್ಲ. ಆಡಳಿತಕ್ಕೊಂದು ಗೆರೆ ಬೇಕಿತ್ತು, ಎಳೆದರು. ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಇದಕ್ಕಾಗಿ ತಡಮಾಡಬಾರದು ಎಂಬ ಮಾತು ಆ ಎಚ್ಚರಿಕೆಯಲ್ಲಿಯೇ ಇದೆ, ಆದರೆ ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಲ್ಲಿ ಆ ಸಾಲು ಬಿಟ್ಟುಹೋಗಿರುತ್ತದೆ.

ಅಂಗುಳದ ವಿಷಯದಲ್ಲಿ ಆ ಸಾಲೇ ಮುಖ್ಯ. ಕೂಸು ತೊದಲು ಬಿಟ್ಟು ನಿಜವಾದ ಪದಗಳನ್ನು ಆಡತೊಡಗುವ ಹೊತ್ತಿಗೆ ಅಂಗುಳ ಮುಚ್ಚಿರಬೇಕು. ಇಲ್ಲದಿದ್ದರೆ ಪ, ಬ, ತ, ಕ ಮುಂತಾದ ಅಕ್ಷರಗಳಿಗೆ ಬೇಕಾದ ಗಾಳಿ ಮೂಗಿನಿಂದ ಸೋರಿಹೋಗುತ್ತದೆ. ಮಗು ಗಂಟಲಿನಿಂದಲೇ ಏನೋ ಹೊಂದಿಸಿಕೊಂಡು ಮಾತಾಡಲು ಕಲಿತರೆ ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಹದಿನೆಂಟು ತಿಂಗಳೊಳಗೆ ಮುಗಿಸುವುದು ಒಪ್ಪಿತ ಪದ್ಧತಿ. 2023ರಲ್ಲಿ ಪ್ರಕಟವಾದ, 558 ಕೂಸುಗಳ ಒಂದು ಪ್ರಯೋಗದಲ್ಲಿ ಆರು ತಿಂಗಳಿಗೆ ಆಪರೇಷನ್ ಆದವರಲ್ಲಿ ಸುಮಾರು 9 ಪ್ರತಿಶತ ಮಕ್ಕಳಿಗೆ, ಹನ್ನೆರಡು ತಿಂಗಳಿಗೆ ಆದವರಲ್ಲಿ 15 ಪ್ರತಿಶತ ಮಕ್ಕಳಿಗೆ, ಐದನೆಯ ವಯಸ್ಸಿನಲ್ಲಿ ಅಂಗುಳ ಸರಿಯಾಗಿ ಮುಚ್ಚಿಕೊಳ್ಳದೆ ಮಾತಿನ ಗಾಳಿ ಮೂಗಿಗೆ ಸೋರುವ ದೋಷವಿತ್ತು. ಆರು ತಿಂಗಳ ಅಂತರಕ್ಕೇ ಇಷ್ಟು ವ್ಯತ್ಯಾಸ. ನೀವು ಕೇಳುತ್ತಿರುವುದು ಎರಡು ವರ್ಷದ ಅಂತರ. ಕಿವಿಯ ಮಾತೂ ಹಾಗೆಯೇ. ಸೀಳು ಅಂಗುಳದ ಮಕ್ಕಳಲ್ಲಿ ಕಿವಿಪರದೆಯ ಹಿಂದೆ ನೀರು ನಿಲ್ಲುವುದು ತೀರ ಸಾಮಾನ್ಯ. ಕೇಳಿಸದ ಮಗು ಕಲಿಯುವುದರಲ್ಲಿ ಹಿಂದೆ ಬಿದ್ದರೆ ಮುಂದೊಂದು ದಿನ ಅದನ್ನೂ ಬೇಹೋಶಿ ಮದ್ದಿನ ತಲೆಗೆ ಕಟ್ಟುತ್ತಾರೆ.

ಹಾಗಾದರೆ ಪ್ರಾಣಿಗಳ ಪ್ರಯೋಗಗಳಿಂದ ನಾವು ಕಲಿಯಬೇಕಾದದ್ದು ಇಲ್ಲವೇ? ಇದೆ. ಅರಿವಳಿಕೆಯ ಬಾರಿಗಳನ್ನೂ ಒಟ್ಟು ಅವಧಿಯನ್ನೂ ಕಡಿಮೆ ಮಾಡಬೇಕು. ಕಿವಿಯ ನಳಿಕೆ ಬೇಕೆಂದು ತೀರ್ಮಾನವಾದರೆ ಅದನ್ನು ಅಂಗುಳದ ದಿನವೇ, ಅದೇ ಅರಿವಳಿಕೆಯಲ್ಲಿ ಹಾಕಲು ಕೇಳಿ; ಇಬ್ಬರು ವೈದ್ಯರನ್ನು ಒಂದೇ ದಿನಕ್ಕೆ ಹೊಂದಿಸುವುದು ಆಸ್ಪತ್ರೆಗೆ ಕಿರಿಕಿರಿಯಾದರೂ ಆಗುವಂಥದೇ. ಕಿವಿಯ ಪರೀಕ್ಷೆಗೆ ಕೂಸನ್ನು ಮಲಗಿಸಬೇಕಾದರೆ ಅದನ್ನೂ ಅಂದೇ ಮುಗಿಸಬಹುದು. ನಿದ್ದೆಯ ಮದ್ದು ಕೊಟ್ಟು ಮಾಡುವ ಸ್ಕ್ಯಾನ್‌ಗಳನ್ನು ಯಾರಾದರೂ ಬರೆದರೆ, ಅದರಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಅಂಗುಳದ ಆಪರೇಷನ್‌ಗೆ ಬೆನ್ನಿನ ಸೂಜಿ ನಡೆಯುವುದಿಲ್ಲ, ಪೂರ್ಣ ಅರಿವಳಿಕೆಯೇ ಬೇಕು. ಆದರೆ ಮೇಲ್ದವಡೆಯ ನರಕ್ಕೆ ಮರಗಟ್ಟುವ ಮದ್ದು ಹಾಕಿದರೆ ಅನಿಲವೂ ನೋವಿನ ಮದ್ದೂ ಕಡಿಮೆ ಸಾಕು. ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮದ್ದು ಇಲಿಮರಿಗಳಲ್ಲಿ ಐಸೊಫ್ಲುರೇನ್‌ನ ಹಾನಿಯನ್ನು ತಗ್ಗಿಸಿತ್ತು. ಮಕ್ಕಳಲ್ಲಿ ಅದರ ಬಳಕೆ ಅರಿವಳಿಕೆ ವೈದ್ಯರ ನಿರ್ಧಾರಕ್ಕೆ ಬಿಟ್ಟದ್ದು. ನೋವಿನ ಮದ್ದನ್ನು ಮಾತ್ರ ಹೆದರಿಕೆಯಿಂದ ಕಡಿಮೆ ಮಾಡಿಸಬೇಡಿ. ದಿನ ತುಂಬದ ಕೂಸುಗಳ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಫೆಂಟನಿಲ್ ಎಂಬ ನೋವಿನ ಮದ್ದು ಸೇರಿಸಿದಾಗ ದೇಹದ ಮೇಲಿನ ಆಘಾತ ಎಷ್ಟು ತಗ್ಗುತ್ತದೆ ಎಂದು ಆನಂದ್ ಅವರು 1987ರಲ್ಲಿ ತೋರಿಸುವವರೆಗೆ, ಎಳೆಗೂಸಿಗೆ ನೋವು ಅಷ್ಟಾಗಿ ತಿಳಿಯದು ಎಂದು ನಂಬಿ ತೀರ ಕಡಿಮೆ ಅರಿವಳಿಕೆ ಕೊಡುತ್ತಿದ್ದ ಕಾಲವಿತ್ತು.

ನನ್ನ ಮಾತನ್ನು ಕೇಳುವುದಾದರೆ, ಮದ್ದಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಉಪವಾಸಕ್ಕೆ. ನಮ್ಮ ಭಾಗದ ಬಿಸಿಲಿನಲ್ಲಿ, ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂಬ ಒಂದೇ ಮಾತಿಗೆ ಕಟ್ಟುಬಿದ್ದು, ಹುಮನಾಬಾದಿನಿಂದ ನಸುಕಿನಲ್ಲಿ ಹೊರಟು, ಮಧ್ಯಾಹ್ನದವರೆಗೆ ಒಣಗಿದ ಬಾಯಿಯ ಕೂಸನ್ನು ಎತ್ತಿಕೊಂಡು ಕೂತ ತಾಯಂದಿರನ್ನು ನೋಡುತ್ತಲೇ ಇರುತ್ತೇನೆ. ನಿಯಮ ಅಷ್ಟು ಕಠಿಣವಲ್ಲ. ಗಟ್ಟಿ ಆಹಾರ ಮತ್ತು ಹಸುವಿನ ಅಥವಾ ಡಬ್ಬಿಯ ಹಾಲು ಆರು ಗಂಟೆ ಮುಂಚಿನವರೆಗೆ, ತಾಯಿಹಾಲು ನಾಲ್ಕು ಗಂಟೆ ಮುಂಚಿನವರೆಗೆ, ತಿಳಿನೀರು ಅಥವಾ ಸಕ್ಕರೆ ನೀರು ಎರಡು ಗಂಟೆ ಮುಂಚಿನವರೆಗೆ ಕೊಡಬಹುದು. ಹಿಂದಿನ ದಿನವೇ ನಿಮ್ಮ ಸರದಿ ಎಷ್ಟು ಗಂಟೆಗೆ ಎಂದು ಕೇಳಿ, ಅದರಂತೆ ಕೊನೆಯ ಬಾರಿ ಹಾಲು ಕುಡಿಸುವ ಹೊತ್ತನ್ನು ಬರೆಸಿಕೊಳ್ಳಿ. ಸಕ್ಕರೆ ಇಳಿದ, ನೀರಿಲ್ಲದ ಕೂಸಿನ ಮಿದುಳಿಗೆ ಆಗುವ ಅಪಾಯ ಸಂದೇಹಕ್ಕೆ ಎಡೆಯಿಲ್ಲದ್ದು, ತಪ್ಪಿಸುವುದೂ ನಮ್ಮ ಕೈಯಲ್ಲಿಯೇ ಇದೆ. ರಕ್ತಹೀನತೆಯೂ ಹಾಗೆಯೇ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಈಗಲೇ ನೋಡಿಸಿದರೆ ಸರಿಪಡಿಸಲು ಇನ್ನೂ ಸಮಯವಿದೆ. ಕೆಮ್ಮು, ಜ್ವರ ಬಂದರೆ ಮುಚ್ಚಿಡದೆ ಹೇಳಿ. ಅಂಥ ಕಾರಣಕ್ಕೆ ಒಂದೆರಡು ವಾರ ಮುಂದೆ ಹೋದರೆ ನಷ್ಟವಿಲ್ಲ.

ನಿಮ್ಮ ಅತ್ತೆ ಗಮನಿಸಿದ್ದು ಸುಳ್ಳಲ್ಲ, ಆದರೆ ಅದಕ್ಕೆ ಬೇರೆ ವಿವರಣೆ ಹತ್ತಿರದಲ್ಲಿಯೇ ಇದೆ. ಎಂಟನೆಯ ತಿಂಗಳ ಆಸುಪಾಸಿನಲ್ಲಿ ಹೆಚ್ಚಿನ ಕೂಸುಗಳು ತಮ್ಮವರು ಯಾರು, ಹೊರಗಿನವರು ಯಾರು ಎಂದು ಗುರುತಿಸಲು ಕಲಿಯುತ್ತವೆ. ಅಪರಿಚಿತರನ್ನು ಕಂಡು ಅಳುವುದು ಆ ಗುರುತಿನ ಲಕ್ಷಣ. ಆರನೆಯ ತಿಂಗಳಲ್ಲಿ ಆಪರೇಷನ್ ಆಗಿದ್ದರಿಂದ ಎರಡೂ ಒಂದರ ಹಿಂದೆ ಒಂದು ಬಂದವು. ಬಿಳಿ ಕೋಟು, ಸೂಜಿ, ತಾಯಿಯಿಂದ ದೂರವಾದ ಹೊತ್ತು ಕೂಡ ಕೂಸಿನ ಹೆದರಿಕೆಗೆ ಕಾರಣವಾಗಬಲ್ಲವು. ಮಂಗದ ಮರಿಗಳ ಪರೀಕ್ಷೆಯನ್ನು ಓದಿದವರಿಗೆ ಇದರಲ್ಲಿ ಸಾಮ್ಯ ಕಾಣುವುದು ಸಹಜ. ಆದರೆ ಅಲ್ಲಿ ಅಳೆದದ್ದು ಎರಡು ಗುಂಪುಗಳ ನಡುವಿನ ಸಣ್ಣ ಅಂತರ, ಒಂದು ಮರಿಯನ್ನು ನೋಡಿ ಇದಕ್ಕೆ ಮದ್ದು ಕೊಟ್ಟಿದ್ದರು ಎಂದು ಹೇಳಲು ಆ ಸಂಶೋಧಕರಿಗೂ ಆಗುತ್ತಿರಲಿಲ್ಲ. ಕೂಸು ಹೆಸರು ಕರೆದರೆ ತಿರುಗುತ್ತದೆಯೇ, ಮನೆಯವರ ಮುಖ ನೋಡಿ ನಗುತ್ತದೆಯೇ, ಬಚ್ಚಿಟ್ಟ ಆಟಿಕೆಯನ್ನು ಹುಡುಕುತ್ತದೆಯೇ ಎಂಬುದನ್ನು ನೋಡಿ. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಮೊದಲು ಕಿವಿ ಪರೀಕ್ಷಿಸಿ.

ಪ್ರಯೋಗಗಳ ಇನ್ನೊಂದು ಮುಖ ಅಷ್ಟಾಗಿ ಸುದ್ದಿಯಾಗುವುದಿಲ್ಲ. 2012ರಲ್ಲಿ, ಏಳನೆಯ ದಿನ ಸೆವೊಫ್ಲುರೇನ್ ಪಡೆದ ಇಲಿಗಳನ್ನು ನಾಲ್ಕು ವಾರದ ನಂತರ ಎರಡು ಗುಂಪು ಮಾಡಿದರು. ಖಾಲಿ ಪಂಜರದಲ್ಲಿ ಬೆಳೆದವುಗಳಲ್ಲಿ ನೆನಪಿನ ಕುಂದು ಉಳಿಯಿತು. ಸಂಗಾತಿಗಳು, ಆಡುವ ವಸ್ತುಗಳು, ಹತ್ತಿ ಇಳಿಯುವ ಜಾಗಗಳು ಇದ್ದ ದೊಡ್ಡ ಪಂಜರದಲ್ಲಿ ಬೆಳೆದವು ಮದ್ದು ಪಡೆಯದ ಇಲಿಗಳ ಮಟ್ಟಕ್ಕೆ ಬಂದವು. ಶೆನ್ ಅವರ ಸುಂಡಿಲಿಗಳಲ್ಲಿಯೂ ಇದೇ ಕಂಡಿತ್ತು. ಹಾನಿಯಾದ ಮೇಲೆಯೂ ಎಳೆಯ ಮಿದುಳು ದಾರಿ ಹುಡುಕಿಕೊಳ್ಳುತ್ತದೆ ಎಂಬುದಕ್ಕೆ ಇದು ಪ್ರಾಣಿಗಳಿಂದಲೇ ಬಂದ ಸಾಕ್ಷ್ಯ. ಅಂಗುಳ ಮಾಗಿದ ಮೇಲೆ ಮಾತಿನ ತರಬೇತಿಯನ್ನು ತಪ್ಪಿಸಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರಬೇಕು. ಸೀಳುತುಟಿ, ಸೀಳು ಅಂಗುಳ ಆ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಅವರು ಬಂದಾಗ ಮಗಳ ಮಾತು, ಕಿವಿ, ನಡಿಗೆ ಮೂರನ್ನೂ ನೋಡಲು ಹೇಳಿ.

ಕಡೆಯದಾಗಿ ಒಂದು ಕಾಗದದ ಕೆಲಸ. ಹಿಂದಿನ ಎರಡು ಆಪರೇಷನ್‌ಗಳ ಅರಿವಳಿಕೆಯ ದಾಖಲೆಯ ನಕಲನ್ನು ಕೇಳಿ ಪಡೆಯಿರಿ. ಬಿಡುಗಡೆಯ ಚೀಟಿ ಸಾಲದು; ಅದರಲ್ಲಿ ಹೆಚ್ಚಾಗಿ ‘ಪೂರ್ಣ ಅರಿವಳಿಕೆಯಲ್ಲಿ’ ಎಂಬ ಎರಡು ಪದಗಳಷ್ಟೇ ಇರುತ್ತವೆ. ನಮಗೆ ಬೇಕಾದದ್ದು ಯಾವ ಮದ್ದು, ಎಷ್ಟು, ಎಷ್ಟು ಹೊತ್ತು, ಉಸಿರುಕೊಳವೆ ಹಾಕುವಾಗ ತೊಂದರೆಯಾಯಿತೇ, ಎಚ್ಚರವಾಗಲು ತಡವಾಯಿತೇ ಎಂಬ ವಿವರ. ಆಪರೇಷನ್‌ಗೆ ಮುಂಚಿನ ತಪಾಸಣೆಯ ದಿನ ಅದನ್ನು ಅರಿವಳಿಕೆ ವೈದ್ಯರ ಕೈಗೆ ಕೊಟ್ಟು, ಈ ಬಾರಿ ಒಟ್ಟು ಎಷ್ಟು ಹೊತ್ತು ಆಗಬಹುದು, ಕಿವಿಯ ಕೆಲಸವನ್ನೂ ಅದರಲ್ಲಿಯೇ ಸೇರಿಸಬಹುದೇ ಎಂದು ಕೇಳಿ. ಹೊಲಿಗೆ ಬಿಟ್ಟುಕೊಂಡ ಕಾರಣ ಸೋಂಕೋ, ಕೂಸಿನ ತೂಕ ಸಾಲದ್ದೋ ಎಂಬುದನ್ನು ಶಸ್ತ್ರಚಿಕಿತ್ಸಕರಿಂದ ತಿಳಿದುಕೊಳ್ಳಿ. ತೂಕದ್ದಾದರೆ ಈ ತಿಂಗಳೇ ಅದಕ್ಕೆ ಆಹಾರದ ಏರ್ಪಾಡು ಮಾಡಿದರೆ ನಾಲ್ಕನೆಯ ಅರಿವಳಿಕೆಯ ಸಂದರ್ಭ ಬರದಂತೆ ನೋಡಿಕೊಳ್ಳಬಹುದು.